ದಾರಿ ಬಿಡದ ತೌನೊ

ಸ್ಕೀ ಜಾಡಿನ ಮೇಲೆ ಬೂಟುಗಾಲಲ್ಲಿ ನಡೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಜೊತೆಗೆ ನಾಯಿಯನ್ನೂ ತಂದಿದ್ದರೆ ಕೇಳುವುದೇ ಬೇಡ. ನಮ್ಮೂರು ಹೋಂಕಲಾದ ಪೈನ್ ಕಾಡಿನಲ್ಲಿ ಹನ್ನೆರಡು ಕಿಲೋಮೀಟರ್ ಜಾಡು ಎಳೆಯುವವಳು ನಾನು. ಹಿಮ ಬಿದ್ದ ಮರುದಿನ ಬೆಳಿಗ್ಗೆ ಹಿಮಬಂಡಿಯ ಹಿಂದೆ ಕಬ್ಬಿಣದ ಅಚ್ಚು ಕಟ್ಟಿಕೊಂಡು ಹೊರಟರೆ, ಹಿಂದೆ ಸ್ಕೀ ಕೂರುವ ಜೋಡಿ ಗೆರೆ ಸಾಲು ಹೊಡೆದಂತೆ ನೇರ ಮೂಡಬೇಕು. ಮೂಡದಿದ್ದರೆ ಆ ದಿನ ನನಗೆ ಊಟ ರುಚಿಸುವುದಿಲ್ಲ.

ನನಗಿಂತ ಮೊದಲು ಮೂವತ್ತು ವರ್ಷ ಈ ಕೆಲಸ ಮಾಡಿದವನು ತೌನೊ. ಮೂರು ವರ್ಷದ ಹಿಂದೆ ಒಂದು ದಿನ ಬಂಡಿಯ ಕೀಲಿಯನ್ನು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟು, "ಸೊಂಟ ನೋವು ಕಣೇ ಸಿರ್ಕಾ. ಇನ್ಮೇಲೆ ನೀನೇ ನೋಡ್ಕೋ" ಎಂದು ಕಾಫಿಯನ್ನೂ ಕುಡಿಯದೆ ಹೋದ. ಆಮೇಲೆ ನನ್ನ ಜಾಡಿನ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದು ಮಾತು ಆಡಲಿಲ್ಲ. ಸೊಂಟ ನೋವಿನವನು ದಿನಾ ಹನ್ನೆರಡು ಕಿಲೋಮೀಟರ್ ಸ್ಕೀ ಹೇಗೆ ಮಾಡುತ್ತಾನೆ ಎಂದು ನಾನೂ ಕೇಳಲಿಲ್ಲ. ನಮ್ಮೂರಲ್ಲಿ ಹಿಮಕ್ಕೆ ಬರವಿಲ್ಲ, ಮಾತಿಗೆ ಬರ.

ಈ ಚಳಿಗಾಲದಲ್ಲಿ ದೂರು ಶುರುವಾಯಿತು. ತೌನೊ ದಾರಿ ಬಿಡುವುದಿಲ್ಲವಂತೆ. ಹಿಂದಿನಿಂದ ಬಂದವರು "ಜಾಡು!" ಎಂದು ಕೂಗಿದರೆ ಮುಂದಿನವರು ಗೆರೆಯಿಂದ ಆಚೆ ಕಾಲಿಟ್ಟು ದಾರಿ ಬಿಡಬೇಕು. ಗುಡ್ಡದಲ್ಲಿ ಎದುರಾದರೆ ಹತ್ತುವವರು ಇಳಿಯುವವರಿಗೆ ಬಿಡಬೇಕು. ಇದನ್ನೆಲ್ಲ ಹಲಗೆಯ ಮೇಲೆ ಬರೆದು ಕಾಡಿನ ಗುಡಿಸಲಿನ ಬಾಗಿಲಿಗೆ ಮೊಳೆ ಹೊಡೆದವನೇ ಈ ಮಹಾನುಭಾವ. ತಪ್ಪಿದವರಿಗೆ ಅವನು ಮಾಡುತ್ತಿದ್ದ ಮಂಗಳಾರತಿ ಊರಿಗೆಲ್ಲ ನೆನಪಿದೆ.

ಸ್ಕೀ ಕ್ಲಬ್ಬಿನ ಮುಖ್ಯಸ್ಥ ಕೌಕೊ ಗುರುವಾರ ನನ್ನ ಮನೆಗೆ ಬಂದ.

"ಅಲ್ಲ ಸಿರ್ಕಾ, ನಿನ್ನೆ ಇಳಿಜಾರಲ್ಲಿ ರಿತ್ವಾ ಕೂಗಿ ಕೂಗಿ ಸಾಕಾಗಿ ಕೊನೆಗೆ ತಾನೇ ಪೊದೆಗೆ ಹಾರಿದ್ಲು. ನನ್ನ ಹೆಂಡ್ತಿ ಅಂತ ಹೇಳ್ತಿಲ್ಲ, ಯಾರಾದ್ರೂ ಅಷ್ಟೇ. ಆ ಮಹರಾಯ ತಿರುಗಿ ಕೂಡ ನೋಡ್ಲಿಲ್ಲ. ಅವನು ಇನ್ನು ಜಾಡಿಗೆ ಬರೋದು ಬೇಡ ಅಂತ ಭಾನುವಾರ ಮೀಟಿಂಗಲ್ಲಿ ತೀರ್ಮಾನ ಮಾಡ್ತೀವಿ. ಅಷ್ಟರೊಳಗೆ ನೀನೇ ಹೇಳಿ ನೋಡು."

"ನನ್ನ ಮಾತು ಅವನು ಯಾವಾಗ ಕೇಳಿದ್ದ?"

"ನಿನ್ನ ಬಾಯಿಗೆ ಕರಡಿನೂ ಹೆದರುತ್ತೆ. ಹೋಗು ಹೋಗು."

ತೌನೊ ಬರುವ ಹೊತ್ತು ನನಗೆ ಗೊತ್ತು. ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು. ಮರಗಳ ಮೇಲಿನ ಹಿಮ ಆಗಾಗ ಪುಡಿಪುಡಿಯಾಗಿ ಉದುರುತ್ತಿತ್ತು. ನಾನು ಗುಡ್ಡ ಇಳಿದು, ಬುಡದಲ್ಲಿ ಜಾಡಿನ ನಟ್ಟನಡುವೆ ನಿಂತೆ. ತಲೆಯ ಮೇಲೆ ಕೆಂಪು ಟೋಪಿ. ಕೂಗಲಿಲ್ಲ, ಕೆಮ್ಮಲೂ ಇಲ್ಲ. ಬಿಡುತ್ತಾನೋ ಇಲ್ಲವೋ ನೋಡಿಯೇಬಿಡೋಣ ಎಂಬ ಹಟ.

ಅವನು ತಿರುವಿನಿಂದ ಬಂದ. ಎಂದಿನ ಹಾಗೆ ಒಂದೇ ಸಮ, ಅವಸರವಿಲ್ಲದೆ. ಇಪ್ಪತ್ತು ಮಾರು, ಹತ್ತು ಮಾರು. ನನ್ನ ಕೋಪ ನೆತ್ತಿಗೇರಿತು. ಅವನ ಸ್ಕೀ ತುದಿ ನನ್ನ ಸ್ಕೀಗೆ ಟಕ್ ಎಂದು ತಾಗಿತು.

"ಯಾರು?" ಎಂದ ತೌನೊ. ಅವನ ಮುಖ ನನ್ನ ಎಡಕ್ಕಿದ್ದ ಪೈನ್ ಮರದ ಕಡೆಗಿತ್ತು.

ಮೂರು ದಿನಕ್ಕಾಗುವಷ್ಟು ಬೈಗುಳ ಕೂಡಿಟ್ಟುಕೊಂಡು ಬಂದಿದ್ದೆ. ಅದೆಲ್ಲ ಬಿಟ್ಟು ಅವನ ಕಣ್ಣ ಮುಂದೆ ಕೈ ಆಡಿಸಿದೆ.

"ಎಷ್ಟು ದಿನದಿಂದ ಹೀಗೆ?" ಎಂದೆ.

"ಓ, ಸಿರ್ಕಾನಾ." ಅವನು ಕೋಲುಗಳನ್ನು ಹಿಮಕ್ಕೆ ಊರಿದ. "ನಿಂಗೆ ಕೀಲಿ ಕೊಟ್ಟಾಗ್ಲೇ ಶುರುವಾಗಿತ್ತು. ಈಗ ಬೆಳಕು, ನೆರಳು, ಅಷ್ಟೇ."

"ಮತ್ತೆ ಸೊಂಟ?"

"ಸೊಂಟಕ್ಕೇನು ರೋಗ? ಚೆನ್ನಾಗಿದೆ."

"ಪಕ್ಕಕ್ಕೆ ಸರಿಯೋಕೆ ಏನು ಕಷ್ಟ?"

"ಡಿಸೆಂಬರಲ್ಲಿ ಒಂದ್ಸಲ ಸರಿದೆ. ನಾಲ್ಕೇ ಹೆಜ್ಜೆ. ಮತ್ತೆ ಗೆರೆ ಸಿಗೋಕೆ ಒಂದು ಗಂಟೆ ಹಿಡೀತು ಕಣೇ. ಮಂಡಿಯೂರಿ ಕೈಯಲ್ಲಿ ತಡಕಾಡಿದೆ." ಕೋಲಿನಿಂದ ಗೆರೆಯ ಅಂಚು ತಟ್ಟಿದ. "ನಿನ್ನ ಗೆರೆ ಒಳಗೆ ಕಾಲಿದ್ರೆ ಹನ್ನೆರಡು ಕಿಲೋಮೀಟರು ನಂದು. ಹೊರಗೆ ಬಿದ್ರೆ ಏನೂ ಇಲ್ಲ. ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ಕೈ ಹಿಡಿದು ತಂದು ಒಲೆ ಮುಂದೆ ಕೂರಿಸ್ತಾರೆ."

ನನಗೆ ನಾಚಿಕೆಯಾಯಿತು. ಅವನನ್ನು ಪರೀಕ್ಷೆ ಮಾಡಲು ದಾರಿಗೆ ಅಡ್ಡ ನಿಂತಿದ್ದೆನಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆಮೇಲೆ ನಾನೇ ಗೆರೆ ಬಿಟ್ಟು ಆಚೆ ಸರಿದೆ. ಅವನು ಗುಡ್ಡ ಹತ್ತಿಕೊಂಡು ಹೋದ.

ಶನಿವಾರ ಇಡೀ ದಿನ ನಾನು ಕಾಡಿನಲ್ಲಿದ್ದೆ. ದಾರಿಯ ಬಲ ಅಂಚಿನ ಕೊಂಬೆಗಳನ್ನು ಗರಗಸದಿಂದ ಕಡಿದು, ಹಿಮವನ್ನು ಬಂಡಿಯಿಂದ ತುಳಿದು ಗಟ್ಟಿ ಮಾಡಿ, ಹಳೆಯ ಜಾಡಿನ ಪಕ್ಕದಲ್ಲೇ ಇನ್ನೊಂದು ಎಳೆದೆ, ಪೂರ್ತಿ ಹನ್ನೆರಡು ಕಿಲೋಮೀಟರ್. ಮನೆಗೆ ಬಂದು ಸೌನಾದ ಬಿಸಿ ಹಬೆಯಲ್ಲಿ ಕೂತರೂ ಬೆರಳಿಗೆ ಜೀವ ಬರಲು ಬಹಳ ಹೊತ್ತು ಹಿಡಿಯಿತು.

ಭಾನುವಾರ ಮೀಟಿಂಗಿಗೆ ಮೊದಲು ಕೌಕೊ ಹೊಸ ಜಾಡಿನ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಇದೇನಿದು, ಒಂದು ಊರಿಗೆ ಎರಡು ಜಾಡು?"

"ಹೊಸದು ಅವಸರ ಇರೋರಿಗೆ. ಹಳೇದು ಇಲ್ಲದೋರಿಗೆ."

"ತೌನೊಗೆ ಹೇಳಿದ್ಯಾ?"

"ಅವನು ದಾರಿ ಬಿಡಲ್ಲ. ಬಿಡೋದೂ ಬೇಡ."

ಕೌಕೊ ಹೊಸ ಜಾಡು ನೋಡಿದ, ನನ್ನ ಮುಖ ನೋಡಿದ. ತೌನೊನ ಮನೆಯ ಮೆಟ್ಟಿಲವರೆಗೆ ಹೋಗುವ ಹಳೆಯ ಜಾಡಿನ ಕವಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಟೋಪಿ ಕಿವಿಗೆಳೆದುಕೊಂಡು ರಿತ್ವಾ ಇದ್ದ ಕಡೆಗೆ ನಡೆದ. ಅಂದಿನ ಮೀಟಿಂಗಿನಲ್ಲಿ ಆ ವಿಷಯ ಬರಲೇ ಇಲ್ಲ.

ಮೀಟಿಂಗ್ ಮುಗಿಸಿ ಜನ ಜಾಡಿಗೆ ಇಳಿದಾಗ ನಾನು ಗುಡಿಸಲಿನ ಮುಂದೆ ಬಿಸಿ ಹಣ್ಣಿನ ರಸ ಹಂಚುತ್ತಿದ್ದೆ. ಹಳೆಯ ಜಾಡಿನಲ್ಲಿ ದೂರದಿಂದ ತೌನೊ ಕಾಣಿಸಿದ. ಅವನ ಹಿಂದೆ ಹೊಸ ಜಾಡಿನಲ್ಲಿ ರಿತ್ವಾ. ಅವಳು "ಜಾಡು!" ಎನ್ನಲಿಲ್ಲ. ಪಕ್ಕಕ್ಕೆ ಬಂದಾಗ, "ನಾನು ರಿತ್ವಾ, ತೌನೊ!" ಎಂದು ಕೂಗಿ ಮುಂದೆ ಹೋದಳು. ಅವಳ ಹಿಂದೆ ಅಂಚೆಯವನು, ಅವನೂ ಹೆಸರು ಹೇಳಿದ. ಆಮೇಲೆ ಕೌಕೊ. ಹಳೆಯ ಜಾಡಿಗೆ ಒಬ್ಬರೂ ಕಾಲಿಡಲಿಲ್ಲ. ನಮ್ಮ ಕಾಡಿನಲ್ಲಿ ಅಷ್ಟು ಮಾತು ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ತೌನೊ ನನ್ನ ದನಿ ಹಿಡಿದು ಬಂದು ನಿಂತ. ಮುಖ ಗಂಟಿಕ್ಕಿತ್ತು.

"ಹೇಳಿಬಿಟ್ಟೆ, ಅಲ್ವಾ?"

"ನನ್ನಾಣೆ, ಒಂದಕ್ಷರ ಹೇಳಿಲ್ಲ."

ಅವನು ನಾನು ಕೊಟ್ಟ ಲೋಟದಿಂದ ಒಂದು ಗುಟುಕು ಕುಡಿದ. ಹಿಂದಿನಿಂದ ಇನ್ನೊಬ್ಬರು ಹೆಸರು ಹೇಳಿ ಹೋದರು. ಅವನು ಕೈ ಎತ್ತಿದ.

"ತೊರೆ ಹತ್ರ ತಿರುವಲ್ಲಿ ನಿನ್ನ ಎಡಗೆರೆ ಹೊರಗೆ ಹೋಗುತ್ತೆ. ಎರಡು ಬೆರಳು. ಮೂರು ವರ್ಷದಿಂದ."

"ಮೂರು ವರ್ಷ ಬಾಯಲ್ಲಿ ಕಡುಬು ತುರುಕ್ಕೊಂಡಿದ್ಯಾ?"

"ಹೇಳಿದ್ರೆ ಸಿಕ್ಕಿಬೀಳ್ತಿದ್ನಲ್ಲ, ಕಾಲಲ್ಲಿ ನೋಡ್ತೀನಿ ಅಂತ."

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ಸರಿಯಾಗಿದೆ."

ಮೂರು ವರ್ಷ ಈ ಒಂದು ಮಾತಿಗೇ ಕಾದಿದ್ದೆ ಎಂಬುದು ಅದು ಕಿವಿಗೆ ಬಿದ್ದಾಗಲೇ ತಿಳಿಯಿತು.

ಸೋಮವಾರ ಅವನನ್ನು ಬಂಡಿಯ ಹಿಂದೆ ಕೂರಿಸಿಕೊಂಡು ತೊರೆಯ ತಿರುವಿಗೆ ಹೋದೆ. ಗೆರೆ ಅಳಿಸಿ ಹೊಸದಾಗಿ ಎಳೆದೆ. ತೌನೊ ಕೈಗವಸು ಕಳಚಿ, ಮಂಡಿಯೂರಿ, ಗೆರೆಯ ಉದ್ದಕ್ಕೂ ಬೆರಳಾಡಿಸಿದ.

"ಇನ್ನೂ ಒಂದು ಬೆರಳು ಒಳಗೆ ಬರ್ಬೇಕು" ಎಂದ. ನಾನು ಮತ್ತೆ ಬಂಡಿ ಹತ್ತಿದೆ.