ಒಬ್ಬರ ಸೀಟು

ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಎತ್ತುವಷ್ಟರಲ್ಲಿ ಮುತ್ತ ಬಂದು ನಿಂತ. ಆ ಹೋಟೆಲಿನಲ್ಲಿ ಬಡಿಸುವವರ ಪೈಕಿ ಹಳಬ ಅವನು. ರಾಜೀವಿಯ ಮುಖ ನೋಡದೆ ಅವಳ ತಟ್ಟೆ ನೋಡುತ್ತಾ ಹೇಳಿದ.

"ಅಕ್ಕಾ, ಒಂಚೂರ್ ಆಚಿಗ್ ಕೂಕಂತ್ರಿಯಾ? ಫ್ಯಾಮಿಲಿ ಬಂದಿತ್."

ಬಾಗಿಲಲ್ಲಿ ಗಂಡ, ಹೆಂಡತಿ, ಮಕ್ಕಳು, ಒಬ್ಬರು ಅಜ್ಜಿ ನಿಂತಿದ್ದರು. ಫ್ಯಾಮಿಲಿ ರೂಮಿನ ದೊಡ್ಡ ಮೇಜಿಗೆ ತಾನೊಬ್ಬಳೇ ಕೂತದ್ದೇ ತಪ್ಪು ಎನ್ನುವ ಹಾಗೆ ರಾಜೀವಿ ಎದ್ದಳು. ಬಲಗೈ ಎಂಜಲು. ಎಡಗೈಯಲ್ಲಿ ತಟ್ಟೆ, ತಟ್ಟೆಯೊಳಗೇ ಬಂಗುಡೆ ಸಾರಿನ ಬಟ್ಟಲು, ಮೊಣಕೈಗೆ ಬ್ಯಾಗು. ಹಾಗೇ ಹೊರಗಿನ ಹಾಲಿಗೆ ಬಂದು ಕೈ ತೊಳೆಯುವ ಬೇಸಿನ್ನಿನ ಪಕ್ಕದ ಸಣ್ಣ ಮೇಜಿನಲ್ಲಿ ಕೂತಳು. ಅಲ್ಲಿ ಕೂತರೆ ಕೈ ತೊಳೆದವರು ಕೊಡವುವ ನೀರು ಬೆನ್ನಿಗೆ ಬೀಳುತ್ತದೆ. ಗಂಡಸರಿಗಾದರೆ ತಾಪತ್ರಯವಿಲ್ಲ. ಗುರುತಿಲ್ಲದವರ ಎದುರು ಕುರ್ಚಿ ಎಳೆದು ಕೂತು, ಉಂಡು, ಎದ್ದು ಹೋಗುತ್ತಾರೆ. ಹೆಂಗಸು ಹಾಗೆ ಕೂತರೆ ಎದುರಿನವನು ತಟ್ಟೆ ಬಿಟ್ಟು ಅವಳನ್ನು ನೋಡುತ್ತಾನೆ. ಮೀನಿನ ಮುಳ್ಳು ಬಿಡಿಸಿ ತಿನ್ನುವವರಿಗೆ ಅದು ಆಗದ ಕೆಲಸ.

ರಾಜೀವಿ ಕೆರಾಡಿಯವಳು. ಮುಂಬೈಗೆ ಮದುವೆಯಾಗಿ ಹೋದವಳು ಬಳೆ ಹಳತಾಗುವ ಮೊದಲೇ ತಿರುಗಿ ಬಂದಿದ್ದಳು. ಯಾಕೆ ಎಂದು ಊರಿನವರು ಕೇಳಿ ಕೇಳಿ ಬಿಟ್ಟರು, ಅವಳು ಹೇಳಲಿಲ್ಲ. ಆಮೇಲೆ ಬಟ್ಟೆ ಹೊಲಿದೇ ದಿನ ಕಳೆದಳು. ಹಾಲಾಡಿಯ ಒಂದು ಬಟ್ಟೆ ಅಂಗಡಿಗೆ ಪರದೆ ಹೊಲಿದು ಕೊಡಲು ಹೋದಾಗ, ಪರದೆ ಈ ಬದಿಗೆ ಬಂದರೆ ಬಟ್ಟೆಯ ಬಣ್ಣ ಸರಿಯಾಗಿ ಕಾಣುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅದು ಅಲ್ಲಿ ಒಳಾಂಗಣದ ಕೆಲಸ ಮಾಡಿಸುತ್ತಿದ್ದ ಸ್ವಾತಿ ಮೇಡಂ ಕಿವಿಗೆ ಬಿತ್ತು. ಕುಂದಾಪುರದಲ್ಲಿ ಒಳಾಂಗಣ ವಿನ್ಯಾಸದ ತರಗತಿ ನಡೆಸುವವರೂ ಅವರೇ. ಹಾಗೆ ನಲವತ್ತು ದಾಟಿದ ಮೇಲೆ ರಾಜೀವಿ ಮತ್ತೆ ಬೆಂಚಿನಲ್ಲಿ ಕೂತಳು. ಮೊದಲ ಹಂತದಲ್ಲಿ ಮನೆಗಳು. ಅದು ಪಾಸಾಯಿತು. ಈಗಿನದು ಎರಡನೇ ಹಂತ, ಅಂಗಡಿ, ಆಫೀಸು, ಹೋಟೆಲುಗಳದ್ದು.

ಜೊತೆಯ ಮಕ್ಕಳೆಲ್ಲ ಕಾಲೇಜು ಮುಗಿಸಿ ಬಂದವರು. ಶುರುವಿನಲ್ಲಿ "ರಾಜೀವಕ್ಕಾ, ಊಟಕ್ ಬನಿ" ಎಂದು ಕರೆಯುತ್ತಿದ್ದರು. ಅವಳು ಹೋಗಿ ಕೂತರೆ ಅವರ ಮಾತು ನಿಲ್ಲುತ್ತಿತ್ತು. ಅದು ಗೊತ್ತಾಗಿ ಅವಳೇ ಹೋಗುವುದು ಬಿಟ್ಟಳು. ಅವರೂ ಕರೆಯುವುದು ಬಿಟ್ಟರು. ಮಧ್ಯಾಹ್ನ ಒಬ್ಬಳೇ ತರಗತಿಯ ಹತ್ತಿರದ ಈ ಹೋಟೆಲಿಗೆ ಬರತೊಡಗಿದಳು.

ಆ ಹೋಟೆಲಿನ ಯಜಮಾನ ರವಿಚಂದ್ರ ತನ್ನ ಹೋಟೆಲನ್ನೇ ತರಗತಿಯವರಿಗೆ ಅಭ್ಯಾಸಕ್ಕೆ ಕೊಟ್ಟಿದ್ದ. ಎಲ್ಲರೂ ಪ್ಲಾನ್ ಬರೆಯಬೇಕು, ಅವನಿಗೆ ಒಪ್ಪಿಗೆಯಾದದ್ದನ್ನು ನಿಜವಾಗಿಯೂ ಕಟ್ಟಿಸುತ್ತಾನೆ. ಅದನ್ನು ಬರೆದವರನ್ನು ಸ್ವಾತಿ ಮೇಡಂ ತಮ್ಮ ಆಫೀಸಿಗೇ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ರಾಜೀವಿಗೆ ಆ ಕೆಲಸ ಬೇಕಿತ್ತು. ಹೊಲಿಗೆ ಮಿಶನ್ನಿನ ಎದುರು ಗೋಡೆ ನೋಡುತ್ತಾ ಕೂರುವುದು ಸಾಕಾಗಿತ್ತು.

ಊಟದ ಗಲಾಟೆ ಮುಗಿದ ಒಂದು ಮಧ್ಯಾಹ್ನ ಹೋಟೆಲಿನಲ್ಲೇ ಎಲ್ಲರ ಹಾಳೆಗಳನ್ನು ಗೋಡೆಗೆ ಅಂಟಿಸಿದರು. ಸಚಿನ್ ಎಂಬ ಹುಡುಗನ ಪ್ಲಾನಿನಲ್ಲಿ ಗೋಡೆಯಿಂದ ಅರ್ಧ ದೋಣಿ ಹೊರಗೆ ಬಂದಿತ್ತು, ಗಿರಾಕಿಗಳು ಫೋಟೊ ತೆಗೆದುಕೊಳ್ಳಲಿಕ್ಕೆ.

"ದೋಣಿ ಕಾಣುಕೆ ಗಂಗೊಳ್ಳಿಗೆ ಹೋತ್ರ್ ಮಾರಾಯಾ, ನನ್ನ ಹೋಟ್ಲಿಗೆ ಎಂತಕ್ ಬತ್ರ್?" ಎಂದ ರವಿಚಂದ್ರ. ಎಲ್ಲರೂ ನಕ್ಕರು.

ರಾಜೀವಿಯ ಹಾಳೆಯ ಎದುರು ಅವನು ತುಂಬಾ ಹೊತ್ತು ನಿಂತ.

"ಇದ್ ಲಾಯ್ಕ್ ಇತ್. ಬಡ್ಸುಕೆ ಬಪ್ಪರಿಗೂ ಕೈ ತೊಳುಕೆ ಹೋಪರಿಗೂ ಡಿಕ್ಕಿ ಆತಿಲ್ಲೆ. ಇದ್ನೇ ಮಾಡುವ." ಅವನ ಬೆರಳು ಕಿಟಕಿಯ ಹತ್ತಿರ ನಿಂತಿತು. "ಇದೆಂತ? ಕಿಟ್ಕಿಗ್ ಮುಖ ಹಾಕಿ ಕುರ್ಚಿ?"

"ಅದ್ ಒಬ್ರೇ ಬಪ್ಪರಿಗೆ."

"ಒಬ್ರೇ ಬಪ್ಪರ್ ಎಲ್ಲಾದ್ರೂ ಕೂಕಂತ್ರ್. ಇದ್ನ ತೆಗ್ದ್ ಒಂದ್ ದೊಡ್ಡ ಮೇಜ್ ಹಾಕಿ. ಬಾಕಿ ಎಲ್ಲ ಹೀಂಗೇ ಇರ್ಲಿ."

"ರಾಜೀವಕ್ಕಾ, ಕಿಟ್ಕಿಗ್ ಮುಖ ಹಾಕಿ ಎಂತ ಮಾಡುದ್? ಕಾಕಿ-ಗುಬ್ಬಿ ಲೆಕ್ಕ ಮಾಡುದಾ?" ಎಂದ ಸಚಿನ್. ದೋಣಿಯ ಸಿಟ್ಟು ಅವನಿಗಿನ್ನೂ ಇಳಿದಿರಲಿಲ್ಲ.

ಸ್ವಾತಿ ಮೇಡಂ ಪೆನ್ಸಿಲು, ರಬ್ಬರು ಮುಂದೆ ಹಿಡಿದರು. "ತೆಗಿನಿ ಅಕ್ಕಾ. ಎರಡ್ ಗೀಟ್ ಅಷ್ಟೆ."

ರಾಜೀವಿ ರಬ್ಬರು ತೆಗೆದುಕೊಂಡಳು. ಅಳಿಸಲಿಲ್ಲ.

"ಹಾಂಗಾರೆ ಅದ್ ಯಾರಿಗೆ ಹೇಳಿ," ಎಂದರು ಮೇಡಂ. ಯಾವ ಜಾಗ ಬರೆದರೂ ಅಲ್ಲಿ ಕೂರುವವರು ಯಾರೆಂದು ಹೇಳಬೇಕು, ಅದು ಅವರ ಪಾಠ.

"ಬೈಂದೂರಿಂದ ಒಬ್ರ್ ಇನ್ಶೂರೆನ್ಸ್ ಏಜೆಂಟ್ ಬತ್ರ್."

"ಗಂಡ್ಸಾ ಹೆಂಗ್ಸಾ?" ರವಿಚಂದ್ರ ಕೇಳಿದ.

"ಹೆಂಗ್ಸ್."

"ನಂಗ್ ಗೊತ್ತಿಪ್ಪರೇ ಆಗಿರ್ಕ್. ಹೆಸ್ರೆಂತ?"

ರಾಜೀವಿ ಹೆಸರು ಹುಡುಕಿದಳು. ಒಂದೂ ಬಾಯಿಗೆ ಬರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಏಜೆಂಟ್ ಇಲ್ಲೆ," ಎಂದಳು. "ನಾನೇ."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

"ನೀವಾ? ನೀವ್ ನಮ್ಮಲ್ಲ್ ಉಂಬುಕ್ ಬತ್ರಿಯಾ?" ಎಂದ ರವಿಚಂದ್ರ.

ಮೇಜು ಒರೆಸುತ್ತಿದ್ದ ಮುತ್ತ ಬಟ್ಟೆ ಹಿಂಡುತ್ತಾ ಹೇಳಿದ. "ದಿನಾ ಬತ್ರಲೆ. ನಾನೇ ಎಬ್ಸುದ್ ಅವ್ರನ್ನ."

ರವಿಚಂದ್ರ ಕೆಟ್ಟವನಲ್ಲ. ಅವನ ಮುಖ ಸಪ್ಪಗಾಯಿತು. ಯಾವ ಪ್ಲಾನ್ ಎಂದು ಶನಿವಾರ ಹೇಳುತ್ತೇನೆ ಎಂದು ಒಳಗೆ ಹೋದ.

ಮಾರನೇ ದಿನ ಊಟಕ್ಕೆ ಹೋಗುವುದೋ ಬೇಡವೋ ಎಂದು ರಾಜೀವಿ ಮೆಟ್ಟಿಲಲ್ಲಿ ನಿಂತಳು. ಹೋಗದಿದ್ದರೆ ಇನ್ನೆಂದೂ ಹೋಗಲಾಗದು ಅನ್ನಿಸಿ ಒಳಗೆ ಬಂದಳು. ಗಲ್ಲಾದಲ್ಲಿದ್ದ ರವಿಚಂದ್ರ ಎದ್ದೇ ನಿಂತ.

"ಬನಿ, ರಾಜೀವಿಯವ್ರೇ, ಬನಿ! ಒಬ್ರೇ ಕೂಕಂಬ್ದ್ ಎಂತಕ್ಕೆ? ಹ್ವಾಯ್, ಕುಸುಮಾ! ಬಾ ಇಲ್ಲ್. ಇವ್ರೊಟ್ಟಿಗೆ ಕೂಕೋ. ಪಾಪ, ಯಾರೂ ಇಲ್ಲೆ ಅವ್ರಿಗೆ."

ಹಾಲಿನಲ್ಲಿದ್ದವರೆಲ್ಲ ತಿರುಗಿದರು. ಇಷ್ಟು ದಿನ ಯಾರ ಕಣ್ಣಿಗೂ ಬೀಳದವಳು ಈಗ ಎಲ್ಲರ ಕಣ್ಣಿಗೂ ಬಿದ್ದಳು. ಅವಳು ಕೇಳಿದ್ದು ಜೊತೆಯನ್ನಲ್ಲ. ಹೋಗಿ ಫ್ಯಾಮಿಲಿ ರೂಮಿನಲ್ಲಿ ಕೂತಳು. ಮುತ್ತ ಬಡಿಸಿ ಹೋದ.

ಅಡುಗೆ ಕೋಣೆಯಿಂದ ರವಿಚಂದ್ರನ ಹೆಂಡತಿ ಕುಸುಮ ಬಂದಳು. ಕೈ ಇನ್ನೂ ಒದ್ದೆ. ಎದುರು ಕುರ್ಚಿಯ ತುದಿಯಲ್ಲಿ ಕೂತಳು.

"ನಂಗೆ ಮಾತಾಡುಕೆ ಎಲ್ಲ ಬತ್ತಿಲ್ಲೆ. ಅವ್ರ್ ಹೇಳ್ರ್, ಬಂದೆ."

"ಮಾತಾಡುದೇನ್ ಬ್ಯಾಡ," ಎಂದಳು ರಾಜೀವಿ. "ನಿಮ್ದ್ ಊಟ ಆಯ್ತಾ?"

"ನನ್ದಾ? ಎಲ್ಲ ಮುಗಿಲಿ. ಒಲಿ ಹತ್ರ ನಿತ್ಕಂಡೇ ಉಂಬುದ್ ನಾನ್. ಕೂಕಂಡ್ರೆ ಯಾರಾರೂ ಕರೀತ್ರ್." ಕುಸುಮ ನಕ್ಕಳು, ಹಾಗೇ ನಿಲ್ಲಿಸಿದಳು. ದನಿ ತಗ್ಗಿಸಿ ಕೇಳಿದಳು. "ನೀವ್ ಬರ್ದ ಆ ಸೀಟ್ ಎಲ್ಲ್ ಬಪ್ದ್?"

ರಾಜೀವಿ ಎಡಗೈಯಿಂದ ಹಾಲಿನ ಮೂಲೆ ತೋರಿಸಿದಳು. ಅಲ್ಲಿ ಕಿಟಕಿಗೆ ಅಡ್ಡವಾಗಿ ಖಾಲಿ ಬಾಟಲಿಗಳ ಪೆಟ್ಟಿಗೆ ಪೇರಿಸಿದ್ದರು.

ಕುಸುಮ ಎದ್ದು ಹೋದಳು. ಮೇಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದಳು, ಬಾಟಲಿಗಳು ಗಲಗಲ ಅಂದವು. ಕಿಟಕಿ ಬಾಗಿಲು ಬಿಗಿಯಾಗಿತ್ತು, ಎರಡು ಸಲ ಗುದ್ದಿದ ಮೇಲೆ ತೆರೆಯಿತು. ಉಳಿದ ಪೆಟ್ಟಿಗೆಗಳ ಮೇಲೆ ಒಂದು ಹಲಗೆ ಇಟ್ಟು, ಸ್ಟೂಲು ಎಳೆದು, ಎಲ್ಲರಿಗೂ ಬೆನ್ನು ಹಾಕಿ ಕೂತಳು.

"ಮುತ್ತಣ್ಣಾ, ನಂಗೊಂದ್ ಊಟ."

ಮುತ್ತ ರವಿಚಂದ್ರನ ಮುಖ ನೋಡಿದ, ಕುಸುಮಳ ಬೆನ್ನು ನೋಡಿದ. ಆಮೇಲೆ ತಟ್ಟೆ ತಂದಿಟ್ಟ.

ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ರಾಜೀವಿ ಎದ್ದು ಹೋಗಲಿಲ್ಲ. ತಾನಿದ್ದಲ್ಲೇ ಉಣ್ಣುತ್ತಾ ಬಾಗಿಲಿನ ಮೂಲಕ ನೋಡಿದಳು. ಹಲಗೆ ತುಸು ತಗ್ಗಾಯಿತು, ಕುಸುಮ ಬಗ್ಗಬೇಕಾಗಿದೆ. ಕಾಲಿಡಲಿಕ್ಕೆ ಅಡಿಯಲ್ಲಿ ಒಂದು ಪಟ್ಟಿ ಬೇಕು.

"ಕುಸುಮಾ," ಗಲ್ಲಾದಿಂದ ರವಿಚಂದ್ರ ಕರೆದ. "ಪಾರ್ಸೆಲ್ ಕಟ್ಟುಕಿತ್ ಕಾಣ್."

ಕುಸುಮ ತಿರುಗಲಿಲ್ಲ. ಬಂಗುಡೆಯ ನಡುಮುಳ್ಳನ್ನು ಮೆಲ್ಲಗೆ ಎಳೆದು ತಟ್ಟೆಯ ಅಂಚಿಗಿಟ್ಟಳು.

ಅವನು ಇನ್ನೊಮ್ಮೆ ಕರೆಯಲಿಲ್ಲ. ಆ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿ, ಎದ್ದು, ಪಾರ್ಸೆಲ್ ತಾನೇ ಕಟ್ಟಲು ಒಳಗೆ ಹೋದ.

ಕಿಟಕಿಯಾಚೆ ಓಣಿ, ಓಣಿಯ ಪಾಗಾರದ ಗೋಡೆಯ ಮೇಲೆ ಒಂದು ಬೆಕ್ಕು. ಕುಸುಮ ಮೀನಿನ ತಲೆಯನ್ನು ಸರಳಿನ ಸಂದಿಯಿಂದ ಹೊರಗೆ ಹಿಡಿದು, ಅದು ಬರುವುದನ್ನು ಕಾಯುತ್ತಾ ಕೂತಳು.