ಉಸಿರು ನಿಂತಿತು

“ಅಂತೂ ನಿಂತಿತಲ್ಲಪ್ಪಾ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತ, ಎಲ್ಲರೂ ಸಾಣೆ ಎಂದೇ ಕರೆಯುತ್ತಿದ್ದವನೊಬ್ಬ ಗೇಟನ್ನು ಮೊಣಕಾಲಿನಿಂದ ತಳ್ಳಿದ. ಒಂದು ಕೈಯಲ್ಲಿ ಇಂಧನದ ಸೀಸೆ, ಇನ್ನೊಂದು ಕೈಯಲ್ಲಿ ಹಳೇ ಬನಿಯನ್ನಿನಲ್ಲಿ ಸುತ್ತಿದ ಪುಟ್ಟ ಗಾಲಿಚಕ್ರ. “ಎಲ್ಲಿ ಆ ಕಳ್ಳ? ಆಚೆ ಬಾರೋ, ಇವತ್ತು ತಿರುಗಿಸಿಯೇ ಬಿಡೋಣ!”

ಅಂಗಳದಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಕೂತಿದ್ದವರು ತಲೆಯೆತ್ತಿದರು. ಸಾಣೆಯ ಕಣ್ಣು ಕುರ್ಚಿಗಳ ಮೇಲೆ ಹಾದು, ಮೆಟ್ಟಿಲ ಪಕ್ಕದ ಹೂವಿನ ಬುಟ್ಟಿಯ ಮೇಲೆ ಹಾದು, ತೆರೆದ ಬಾಗಿಲಿನೊಳಗಿನ ಮಂಚಕ್ಕೆ ಹೋಯಿತು. ಅಲ್ಲಿ ಅವನ ಗೆಳೆಯ ಗಲ್ಲದವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ಸಾಣೆಯ ಮುಖದ ನಗುವಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಅದು ಅಲ್ಲೇ ಉಳಿದಿತ್ತು.

ಸತ್ತವನ ತಮ್ಮ ಧಡಧಡನೆ ಎದ್ದು ಬಂದ. ಬೆಳಗಿನಿಂದ ಎಲ್ಲ ಓಡಾಟವೂ ಅವನ ತಲೆಯ ಮೇಲೆಯೇ ಬಿದ್ದಿತ್ತು. “ಏನ್ರೀ ಇದು? ಸಾವಿನ ಮನೆಗೆ ಹೀಗಾ ಬರೋದು? ಅದೂ ಸೀಸೆ ಹಿಡ್ಕೊಂಡು!”

“ಇದು ಕುಡಿಯೋದಲ್ಲ ಸ್ವಾಮೀ... ಇಂಜಿನ್ನಿಗೆ ಹಾಕೋದು.”

“ಕುಡಿದವರೆಲ್ಲ ಹಾಗೇ ಹೇಳೋದು.”

“ಚಿಕ್ಕಪ್ಪ, ಸುಮ್ನಿರಿ,” ಎಂದು ಮಗಳು ನಡುವೆ ಬಂದಳು. “ಸಾಣೆ ಮಾಮ ಅಪ್ಪನ ಜೊತೆ ಕಾರ್ಖಾನೇಲಿದ್ದೋರು. ಅವರಿಗೆ ಕಿವಿ ಅಷ್ಟಕ್ಕಷ್ಟೆ. ಮಾಮ, ನಿಮಗೆ ವಿಷಯ ಗೊತ್ತಿಲ್ವಾ?”

“ನಿಮ್ಮಮ್ಮನೇ ಫೋನ್ ಮಾಡಿದ್ರಲ್ಲಮ್ಮ. ಉಸಿರು ನಿಂತುಬಿಡ್ತು ಅಂದ್ರು.”

“ಅದಕ್ಕೆ ಇನ್ನೇನ್ರೀ ಅರ್ಥ?” ಎಂದ ತಮ್ಮ.

ಸಾಣೆ ಸೀಸೆಯನ್ನು ಎಲ್ಲಿಡುವುದೆಂದು ತಿಳಿಯದೆ ಗೋಡೆಯ ಮೂಲೆಯಲ್ಲಿ, ಚಪ್ಪಲಿಗಳ ಸಾಲಿನ ಕೊನೆಯಲ್ಲಿ, ಅದೂ ಒಂದು ಜೊತೆ ಚಪ್ಪಲಿಯೇನೋ ಎಂಬಂತೆ ಮೆಲ್ಲಗೆ ಇಟ್ಟ.

* * *

ಆ ಮನೆಯಲ್ಲಿ ಒಂದೇ ಮಾತಿಗೆ ಎರಡು ಅರ್ಥಗಳಿದ್ದವು; ನಡುವೆ ಇದ್ದದ್ದು ಹಿಂದಿನ ಕೋಣೆಯ ಬಾಗಿಲು ಮಾತ್ರ.

ಬಾಗಿಲ ಈಚೆ ಉಸಿರು ನಿಂತಿತೆಂದರೆ ಲೋಕಕ್ಕೆಲ್ಲ ಗೊತ್ತಿರುವ ಅರ್ಥವೇ. ಬಾಗಿಲ ಆಚೆ, ಲೋಹ ಕಡೆಯುವ ಲೇತು, ಇಕ್ಕಳ, ಅರಗಳ ನಡುವೆ, ಅದರ ಅರ್ಥ ಬೇರೆ. ಹೆಬ್ಬೆರಳಿಗಿಂತ ತುಸು ದಪ್ಪನೆಯ ಸಿಲಿಂಡರಿನೊಳಗೆ ಪಿಸ್ಟನ್ನು ಎಷ್ಟು ಬಿಗಿಯಾಗಿ ಕೂರಬೇಕೆಂದರೆ ಒಳಗಿನ ಗಾಳಿ ಸಂದಿಯಿಂದ ನುಸುಳಬಾರದು. ನುಸುಳಿದರೆ “ಉಸಿರು ನಿಲ್ತಿಲ್ಲ” ಎನ್ನುತ್ತಿದ್ದರು ಗೆಳೆಯರಿಬ್ಬರೂ. ಉಸಿರು ನಿಲ್ಲದ ಇಂಜಿನ್ನು ಓಡುವುದಿಲ್ಲ. ಈಗ ಮಂಚದ ಮೇಲೆ ಮಲಗಿದ್ದವನು ಕೈಯಾರೆ ಮಾಡುತ್ತಿದ್ದ ಪುಟ್ಟ ಇಂಜಿನ್ನಿನಲ್ಲಿ ಅದು ವರ್ಷಗಟ್ಟಲೆ ನಿಲ್ಲಲಿಲ್ಲ.

ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳನ್ನು ಮಾಡುತ್ತಿದ್ದರು. ಇವನು ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಕಡೆದದ್ದು ಒಂದೇ ಭಾಗ, ಉಂಗುರದಂಥ ಒಂದು ಬುಷ್ಷು. ಅದು ಪೆಟ್ಟಿಗೆಗೆ ಬೀಳುತ್ತಿತ್ತು, ಪೆಟ್ಟಿಗೆ ಇನ್ನೊಂದು ಶೆಡ್ಡಿಗೆ ಹೋಗುತ್ತಿತ್ತು. ತಾನು ಕಡೆದದ್ದು ಯಾವ ಪಂಪಿನ ಹೊಟ್ಟೆಯಲ್ಲಿ ಕೂತಿತೆಂದು ಅವನಿಗೆ ಯಾವತ್ತೂ ಗೊತ್ತಾಗಲಿಲ್ಲ.

ಒಂದು ಸಂಜೆ ಕೆಲಸದಿಂದ ಬಂದವನು ಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ್ದ: “ಒಂದಾದರೂ ಪೂರ್ತಿ ಮಾಡ್ಬೇಕು ಕಣೇ. ತಲೆಯಿಂದ ಕಾಲಿನವರೆಗೆ. ಚಿಕ್ಕದಾದ್ರೂ ಸರಿ.”

“ಮಾಡಿ. ಮೊದಲು ಆ ನಲ್ಲಿ ಸರಿ ಮಾಡಿ. ತಲೆಯಿಂದ ಕಾಲಿನವರೆಗೆ ಸೋರ್ತಾ ಇದೆ.”

ನಲ್ಲಿ ಸರಿಹೋಯಿತು. ಹಿಂದಿನ ಕೋಣೆಗೆ ಹಳೆಯ ಲೇತೊಂದು ಬಂತು. ಅಜ್ಜಿಯರ ಕತೆಗಳಲ್ಲಿ ಗಂಡ ಸಂಜೆಯಾದರೆ ಹಾವಾಗಿಯೋ ಹಕ್ಕಿಯಾಗಿಯೋ ಮನೆ ಬಿಟ್ಟು ಹೊರಡುತ್ತಾನೆ. ಇವಳ ಗಂಡ ಸಂಜೆಯಾದರೆ ಕನ್ನಡಕ ಏರಿಸಿಕೊಂಡು ಒಂದು ಬಾಗಿಲು ದಾಟುತ್ತಿದ್ದ, ಅಷ್ಟೆ. ಆದರೂ ದೂರ ದೂರವೇ. ಉಜ್ಜುವ ಸದ್ದು ಕೇಳುತ್ತ ಅವಳು ಮಗಳ ಜಡೆ ಹೆಣೆದಳು, ಬಟ್ಟೆ ಮಡಚಿದಳು, ಮಗಳಿಗೆ ಮದುವೆ ಮಾಡಿದಳು. ಆಗೀಗ ಒಳಗಿನಿಂದ ಕೂಗು ಬರುತ್ತಿತ್ತು: “ಲೇ, ಬಾ ಇಲ್ಲಿ ಸ್ವಲ್ಪ!” ಹೋದರೆ ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಒಂದು ಸ್ಕ್ರೂ. “ಚೆನ್ನಾಗಿದೆ” ಎನ್ನಬೇಕಿತ್ತು. ಅನ್ನುತ್ತಿದ್ದಳು. ಆಮೇಲಾಮೇಲೆ ಅರ್ಧ ದಾರಿಯಿಂದಲೇ ಅಂದು ಹಿಂದಿರುಗುತ್ತಿದ್ದಳು.

* * *

“ಗಾಡಿಯವನು ಎಲ್ಲಿದಾನಂತೆ?” ಎಂದು ಅಂಗಳದಲ್ಲಿ ಯಾರೋ ಕೇಳಿದರು.

“ಬಂದೆ ಬಂದೆ ಅಂತಿದಾನೆ. ಎಲ್ಲಿಂದ ಬಂದೆ ಅಂತ ಮಾತ್ರ ಹೇಳ್ತಿಲ್ಲ.”

ಸಾಣೆ ಮಂಚದ ಪಕ್ಕದಲ್ಲಿ ಕೂತವನು ಏಳಲೇ ಇಲ್ಲ. ಗೆಳೆಯನ ಹೆಂಡತಿಯೇ ಅವನ ಹತ್ತಿರ ಬಂದು ಕೂತಳು. ಬೆಳಗಿನಿಂದ ಕೂತು, ಎದ್ದು, ಬಂದವರ ಕೈ ಹಿಡಿದು ಅವಳ ಸೊಂಟ ಬಿದ್ದುಹೋಗಿತ್ತು.

“ಫೋನಿನಲ್ಲಿ ನೀವು ಭೇಷ್ ಅಂದ್ರಿ,” ಎಂದಳು.

“ಅಯ್ಯೋ ಅಕ್ಕಾ... ನನ್ನ ನಾಲಿಗೆ ಸೇದಿಹೋಗ್ಲಿ.”

“ಭೇಷ್, ಈಗಲೇ ಬಂದೆ, ನಾನು ಬರೋವರೆಗೂ ಯಾರೂ ಮುಟ್ಟಬೇಡಿ ಅಂದ್ರಿ. ಸಾಣೆಯಣ್ಣ ದುಃಖಕ್ಕೆ ತಲೆ ಕೆಟ್ಟು ಹೀಗೆ ಮಾತಾಡ್ತಿದಾರೆ ಅಂದ್ಕೊಂಡೆ ನಾನು.”

ಅವಳ ಭುಜ ಅಲುಗತೊಡಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದ ಮನೆಯಾಕೆ ಓಡಿ ಬಂದು, “ಅತ್ತುಬಿಡಿ, ಅತ್ತುಬಿಡಿ, ಒಳಗಿಟ್ಟುಕೋಬೇಡಿ,” ಎಂದು ಬೆನ್ನು ಸವರಿದಳು. ಅದು ಅಳುವಲ್ಲವೆಂದು ಸಾಣೆಗೆ ಮಾತ್ರ ತಿಳಿದಿತ್ತು. ನಗು ಮುಗಿದಾಗ ಅವಳು ಮೊದಲಿಗಿಂತ ಹೆಚ್ಚು ದಣಿದವಳಂತೆ ಕಂಡಳು.

“ಸ್ವಲ್ಪ ಹಿಂದಿನ ಕೋಣೆಗೆ ಬನ್ನಿ,” ಎಂದು ಮೆಲ್ಲಗೆ ಅಂದಳು.

* * *

ಆ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಬಂದಾಗ ತುಂಬಿಕೊಳ್ಳದಿದ್ದರೆ ಆಮೇಲೆ ಇಲ್ಲ. ಅವಳು ಕೊಡ ಎತ್ತಿ ಬಕೆಟ್ಟು ಇಡುವಷ್ಟರಲ್ಲಿ ಒಳಗೆ ಉಜ್ಜುವ ಸದ್ದು ನಿಂತಿತು. ಕೂಗು ಬಂತು.

“ಲೇ, ಬಾ ಇಲ್ಲಿ!”

“ಬಂದೆ ಇರಿ.”

ಬಕೆಟ್ಟು ತುಂಬಿತು, ಹಂಡೆ ತುಂಬಿತು. ಕೈ ಒರೆಸಿಕೊಳ್ಳುತ್ತ ಹೋದಾಗ ಅವನು ಸ್ಟೂಲಿನ ಮೇಲೆ ಕೂತು ಲೇತಿಗೆ ತಲೆ ಆನಿಸಿಕೊಂಡಿದ್ದ. ನಿದ್ದೆ ಬಂದವನ ಹಾಗೆ. ಸಿಲಿಂಡರು ಅವನ ಮುಷ್ಟಿಯಲ್ಲಿತ್ತು. ಆಮೇಲೆ ಬಂದ ಮಗಳೇ ಒಂದೊಂದು ಬೆರಳಾಗಿ ಬಿಡಿಸಿ ಅದನ್ನು ತೆಗೆದು ಬೆಂಚಿನ ಮೇಲಿಟ್ಟಳು.

* * *

ಅದು ಅಲ್ಲೇ ಇತ್ತು. ಕೋಣೆಯಲ್ಲಿ ಎಣ್ಣೆಯ, ಕಬ್ಬಿಣದ ಪುಡಿಯ ವಾಸನೆ. ಸಾಣೆ ಬಾಗಿಲಲ್ಲೇ ನಿಂತ.

“ಕರೆದರು,” ಎಂದಳು ಅವಳು. “ನಾನು ತಕ್ಷಣ ಹೋಗಲಿಲ್ಲ. ಹೋಗಿದ್ರೂ ಉಳೀತಿರ್ಲಿಲ್ಲ ಅಂದ್ರು ಡಾಕ್ಟರು, ಅದಿರ್ಲಿ. ಬೆಳಗಿನಿಂದ ಆ ದನಿ ನೆನಪು ಮಾಡ್ಕೋತಾ ಇದೀನಿ ಅಣ್ಣಾ. ಎದೆ ನೋವಿಗೆ ಕರೆದದ್ದೋ, ಇದರ ಉಸಿರು ನಿಂತಿತು ಅಂತ ತೋರಿಸೋಕೆ ಕರೆದದ್ದೋ. ಎರಡೂ ಥರ ಕೇಳತ್ತೆ. ಈಗ ದನಿಯೇ ಮರೆತುಹೋಗ್ತಾ ಇದೆ.”

“ನಿಂತೇ ಇರತ್ತೆ ಅಕ್ಕ. ತೋರಿಸೋಕೇ ಕರೆದಿರೋದು. ನನಗೆ ಗೊತ್ತು ಅವನು.”

“ನೋಡದೇ ಹೇಳ್ಬೇಡಿ.”

ಸಾಣೆ ಕನ್ನಡಕ ಹುಡುಕಿ ಹಾಕಿಕೊಂಡ. ಸಿಲಿಂಡರನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಅವಳು ನೋಡುತ್ತಿದ್ದದ್ದು ಸಿಲಿಂಡರನ್ನಲ್ಲ, ಅವನ ಮುಖವನ್ನು.

“ಕೊಡಿ ಇಲ್ಲಿ,” ಎಂದಳು.

“ಇನ್ನೂ ನೋಡೇ ಇಲ್ವಲ್ಲ.”

“ನಿಮ್ಮ ಮುಖ ಆಗಲೇ ಹೂಂ ಅಂತಿದೆ. ನಿಂತಿಲ್ಲದಿದ್ರೂ ನಿಂತಿದೆ ಅಂತೀರಿ ನೀವು. ಹೇಗೆ ನೋಡೋದು ಅಂತ ಹೇಳಿಕೊಡಿ, ಸಾಕು.”

ಸಾಣೆ ಎಣ್ಣೆಯ ಡಬ್ಬಿ ತೋರಿಸಿದ. ಅವಳು ಒಂದು ಹನಿ ಒಳಗೆ ಬಿಟ್ಟಳು. ಒಂದು ತುದಿಯಿಂದ ಪಿಸ್ಟನ್ನು ಇಳಿಸಿ, ಇನ್ನೊಂದು ತುದಿಯ ಬಾಯಿಗೆ ಹೆಬ್ಬೆರಳು ಒತ್ತಿಟ್ಟಳು.

“ಬಿಗಿಯಾಗಿ. ಹಾಂ. ಈಗ ಈ ಕಡೆಯಿಂದ ಪಿಸ್ಟನ್ನು ಒಳಕ್ಕೆ ಒತ್ತಿ. ಸುಮ್ನೆ ಮೆತ್ತಗೆ ಒಳಗೆ ಹೋಗಿಬಿಟ್ರೆ ಗಾಳಿ ಸೋರ್ತಿದೆ ಅಂತ.”

“ಸೋರದಿದ್ರೆ?”

“ನಿಮಗೇ ಗೊತ್ತಾಗತ್ತೆ.”

“ಅತ್ತಿಗೇ!” ತಮ್ಮನ ದನಿ ಅಂಗಳದಿಂದ ಬಂತು. “ಗಾಡಿ ಬಂತು! ಎಲ್ಲಿದೀರಿ?”

ಅವಳು ಒತ್ತಿದಳು. ಪಿಸ್ಟನ್ನು ಸ್ವಲ್ಪ ದೂರ ಹೋಯಿತು, ಇನ್ನೂ ಸ್ವಲ್ಪ ಹೋಯಿತು. ಅವಳ ಮುಖ ಇಳಿಯಿತು. ಆಮೇಲೆ ಅದು ಮುಂದೆ ಹೋಗಲೊಪ್ಪಲಿಲ್ಲ. ಇನ್ನೊಮ್ಮೆ ಬಲವಾಗಿ ಒತ್ತಿ ಸಡಿಲಿಸಿದಳು. ಒಳಗೆ ಕೂತಿದ್ದ ಯಾರೋ ಸಾಕು ಬಿಡೇ ಎಂದು ತಳ್ಳಿದಂತೆ ಪಿಸ್ಟನ್ನು ಅವಳ ಬೆರಳನ್ನು ಹಿಂದಕ್ಕೆ ನೂಕಿತು.

ಸಾಣೆ ಬೇರೆ ಕಡೆ ತಿರುಗಿ ಕನ್ನಡಕ ತೆಗೆದ.

“ಅತ್ತಿಗೇ, ಜನ ಕಾಯ್ತಾ ಇದಾರೆ!”

“ಬಂದೆ,” ಎಂದಳು. ಈ ಸಲ ಕೂಡಲೇ ಹೊರಟಳು.

ಅಂಗಳದಲ್ಲಿ ಕುರ್ಚಿಗಳನ್ನು ಮಡಚಿ ದಾರಿ ಮಾಡಿದ್ದರು. ನಾಲ್ವರು ಅವನನ್ನು ಎತ್ತಿಕೊಂಡು ಬಾಗಿಲು ತಗುಲದಂತೆ ಓರೆಯಾಗಿ ಹೊರಗೆ ತಂದರು. ಮಗಳು ತಾಯಿಯ ಕೈ ಹಿಡಿಯಲೆಂದು ಕೈ ಚಾಚಿದಳು. ತಾಯಿ ಮೊಣಕೈ ಕೊಟ್ಟಳು. ಎರಡು ಕೈಗಳೂ ಸೆರಗಿನ ಮರೆಯಲ್ಲಿ ಎದೆಗೆ ಅವಚಿಕೊಂಡಿದ್ದವು. ಮೆಟ್ಟಿಲಿಳಿಯುವಾಗ ಒಮ್ಮೆ ಮುಗ್ಗರಿಸಿದಳು, ಆಗಲೂ ಗೋಡೆ ಹಿಡಿಯಲಿಲ್ಲ. ಗೇಟಿನವರೆಗೂ ಹಾಗೇ ನಡೆದಳು. ಗಾಳಿಗೆ ಸೆರಗು ಸರಿದಾಗ ಮಗಳಿಗೆ ಕಂಡದ್ದು ಎಣ್ಣೆಯಾದ ಹೆಬ್ಬೆರಳು. ಸಿಲಿಂಡರಿನ ಬಾಯಿಗೆ ಒತ್ತಿ ಹಿಡಿದು ಅದರ ಉಗುರೆಲ್ಲ ಬೆಳ್ಳಗಾಗಿತ್ತು.