ಒಂದು ಬೆರಳು ಹೌದು, ಎರಡು ಬೆರಳು ಇಲ್ಲ

ಶಾಲೆಗೆ ಕಲಾವಿದರು ಬರುವುದೆಂದರೆ ಹೆಡ್‌ಮೇಡಂಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮೇಲಿನ ಕಚೇರಿಯವರಿಗೆ ಇದೊಂದು ಹೊಸ ಹುಚ್ಚು ಹಿಡಿದಿತ್ತು: ಆಗಾಗ ಯಾರನ್ನಾದರೂ ಕಳಿಸುವುದು, ಮಕ್ಕಳ ಕೈಯಲ್ಲಿ ಏನಾದರೂ ಮಾಡಿಸುವುದು. ಹೋದ ಸಲ ಒಬ್ಬ ಡೋಲು ಬಾರಿಸುವವನು ಬಂದಿದ್ದ. ಅವನು ಹೋಗಿ ವಾರಗಳಾದರೂ ಮಕ್ಕಳು ಬೆಂಚು ಬಡಿಯುವುದನ್ನು ಬಿಡಲಿಲ್ಲ. ಅದಕ್ಕೂ ಹಿಂದೆ ಬಂದವಳು ಕಾಗದದಲ್ಲಿ ಹಕ್ಕಿ ಮಡಿಚುವುದನ್ನು ಕಲಿಸಿ ಹೋದಳು. ಆಮೇಲೆ ಮನೆಪಾಠದ ಹಾಳೆಗಳೆಲ್ಲ ರೆಕ್ಕೆ ಕಟ್ಟಿಕೊಂಡು ಕಿಟಕಿಯಾಚೆ ಹಾರಿದವು. ಈ ಸಲ ಬಂದಿದ್ದವರು ಮುಖವಾಡ ಮಾಡುವವರು, ನಾಟಕದ ಕಂಪನಿಯಲ್ಲಿ ತಲೆ ನರೆತವರು.

"ಇವುಕ್ಕೆ ಮುಖವಾಡ ಬೇರೆ ಕಲಿಸಬೇಕಾ? ಹೊಟ್ಟೆನೋವು ಅಂತ ರಜೆ ಕೇಳೋವಾಗ ಹಾಕ್ಕೊಂಡು ಬರ್ತಾವಲ್ಲ, ಅದೇ ಸಾಕಾಗಿತ್ತು," ಎಂದು ಮೇಡಂ ಗಣಿತದ ಮೇಷ್ಟ್ರ ಮುಂದೆ ಮೂಗು ಮುರಿದರು.

ಮೇಷ್ಟ್ರು ನಕ್ಕರಾದರೂ ಅವರ ತಲೆಬಿಸಿ ಬೇರೆಯೇ ಇತ್ತು. ಆರನೇ ತರಗತಿಯಲ್ಲಿ ಪಟಪಟಿ ಎಂಬ ಹುಡುಗಿ. ಹೆತ್ತವರಿಟ್ಟ ಹೆಸರು ಹಾಜರಿಯ ಹೊತ್ತಿಗೆ ಮಾತ್ರ ಕೇಳಿಸುತ್ತಿತ್ತು, ಮಿಕ್ಕಂತೆ ಎಲ್ಲರಿಗೂ ಪಟಪಟಿಯೇ. ನಿದ್ದೆಯಲ್ಲೂ ಬಾಯಿ ಮುಚ್ಚುವವಳಲ್ಲ ಎಂದು ಅವಳ ಅಮ್ಮನೇ ಹೇಳಿದ್ದರು. ಬೇರೆಲ್ಲ ವಿಷಯಗಳಲ್ಲಿ ಪರವಾಗಿಲ್ಲ, ಲೆಕ್ಕದಲ್ಲಿ ಮಾತ್ರ ಸೊನ್ನೆ ಸುತ್ತುವವಳು. ಅವಳನ್ನು ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಕೂರಿಸಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದರು. ಮಾರನೆಯ ದಿನದ ಶಿಕ್ಷಕರ ಸಭೆಯಲ್ಲಿ ಅದು ತೀರ್ಮಾನವಾಗಬೇಕಿತ್ತು, ಮೇಡಂ ಆಗಲೇ ಹೂಂ ಅಂದಿದ್ದರು. ತೊಡಕು ಒಂದೇ. ಹುಡುಗಿಯ ತಂಗಿ ಐದನೇ ತರಗತಿಯಲ್ಲಿದ್ದಳು, ಚೆನ್ನಾಗಿ ಓದುವವಳು. ಬರುವ ವರ್ಷ ಅಕ್ಕ ತಂಗಿ ಇಬ್ಬರೂ ಒಂದೇ ತರಗತಿ. "ಅದಕ್ಕೇನು ಮಾಡೋಕಾಗುತ್ತೆ, ನಿಯಮ ಅಂದ್ರೆ ನಿಯಮ," ಎಂದು ಮೇಡಂ ಕಡ್ಡಿ ಮುರಿದಂತೆ ಹೇಳಿ ಮುಗಿಸಿದ್ದರು.

ಅದೇ ಮಧ್ಯಾಹ್ನ ಮೇಡಂ ಶಾಲೆಯ ವಾಚನಾಲಯದ ಬಾಗಿಲ ಮುಂದೆ ಹಾದು ಹೋಗುವಾಗ ಒಳಗೆ ಸದ್ದೇ ಇರಲಿಲ್ಲ. ಆರನೇ ತರಗತಿ ಇರುವ ಕೋಣೆಯಲ್ಲಿ ಸದ್ದಿಲ್ಲವೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಇಣುಕಿದರು. ಉದ್ದನೆಯ ಮೇಜಿನ ಮೇಲೆ ಟವೆಲು ಹಾಸಿತ್ತು, ಪಕ್ಕದಲ್ಲಿ ಬೆಚ್ಚಗಿನ ನೀರಿನ ಬೋಗುಣಿ, ವ್ಯಾಸಲೀನ್ ಡಬ್ಬಿ, ಕತ್ತರಿಸಿಟ್ಟ ಬಿಳಿ ಪಟ್ಟಿಗಳ ರಾಶಿ. ಮೂಳೆ ಮುರಿದಾಗ ಆಸ್ಪತ್ರೆಯಲ್ಲಿ ಸುತ್ತುತ್ತಾರಲ್ಲ, ಅದೇ ಪ್ಲಾಸ್ಟರ್ ಪಟ್ಟಿ. ಮಕ್ಕಳೆಲ್ಲ ಗೋಡೆಗೆ ಅಂಟಿಕೊಂಡು ನಿಂತಿದ್ದರು.

ಆಗಿದ್ದು ಇಷ್ಟು. ಒಬ್ಬರ ಮುಖದ ಮೇಲೆ ಇನ್ನೊಬ್ಬರು ಹಸಿ ಪಟ್ಟಿ ಹಚ್ಚಿ ಅಚ್ಚು ತೆಗೆಯಬೇಕಿತ್ತು. ತರಗತಿಯ ದೊಡ್ಡ ಬಾಯಿಯ ಹುಡುಗನೊಬ್ಬ "ನಾನೇ ಮೊದಲು" ಎಂದು ಎದೆ ತಟ್ಟಿಕೊಂಡು ಮಲಗಿದ್ದ. ಕಣ್ಣ ಮೇಲೆ ಪಟ್ಟಿ ಬಿದ್ದದ್ದೇ ತಡ, ಎದ್ದು ಕಾಲಿಗೆ ಬುದ್ಧಿ ಹೇಳಿ ನಲ್ಲಿಯ ಹತ್ತಿರ ಹೋಗಿ ನಿಂತಿದ್ದ. ಅವನ ಗತಿ ನೋಡಿದ ಮೇಲೆ ಒಂದು ನರಪಿಳ್ಳೆಯೂ ಮುಂದೆ ಬರಲಿಲ್ಲ.

"ಬಲವಂತ ಮಾಡೋ ಕೆಲಸ ಅಲ್ಲ ಮೇಡಂ ಇದು," ಎಂದರು ಮುಖವಾಡದವರು, ಪಟ್ಟಿಗಳನ್ನು ಡಬ್ಬಕ್ಕೆ ತುಂಬುತ್ತ. "ಈ ಮಕ್ಕಳು ಸ್ವಲ್ಪ ಹೆದರ್ತಾರೆ. ನಾನು ಹೊರಡ್ತೀನಿ."

ಹೋದರೆ ಹೋಗಲಿ ಎಂದು ಮೇಡಂ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವರಿಗೆ ಬೇಕಾಗಿದ್ದೂ ಅದೇ ತಾನೇ. ಆದರೆ ಹೊರಗಿನವರೊಬ್ಬರು ಬಂದು ನಮ್ಮ ಮಕ್ಕಳನ್ನು ಪುಕ್ಕಲರು ಅನ್ನುವುದೆಂದರೇನು?

"ನಮ್ಮ ಸ್ಕೂಲಲ್ಲಿ ಯಾರೂ ಹೆದರಲ್ಲ," ಎಂದುಬಿಟ್ಟರು.

"ಹಂಗಾದ್ರೆ ನೀವೇ ಮಲಗಿ ಮೇಡಂ!" ಎಂದಿತು ಗೋಡೆಯ ಕಡೆಯಿಂದ ಒಂದು ಧ್ವನಿ. ಯಾರದೆಂದು ಕೇಳಬೇಕಾಗಿಯೇ ಇರಲಿಲ್ಲ, ಪಟಪಟಿಯದು.

ಮಾತು ಆಡಿದರೆ ಹೋಯಿತು. ಮೇಡಂ ಒಂದು ಕ್ಷಣ ಬಾಗಿಲನ್ನೂ ಒಂದು ಕ್ಷಣ ಮೇಜನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಿಟಕಿಯಲ್ಲಿಟ್ಟು, ಮೇಜು ಹತ್ತಿ ಅಂಗಾತ ಮಲಗಿದರು. ಇನ್ನು ಹೆಡ್‌ಮೇಡಂ ಮುಖಕ್ಕೆ ಕೈ ಹಾಕುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬಂತಾಯಿತು. ಕೊನೆಗೆ ಮಲಗಿ ಅಂದವಳೇ ಅಂಗಿಯ ತೋಳು ಮಡಿಸಿಕೊಂಡು ಮುಂದೆ ಬಂದಳು.

ಮುಖವಾಡದವರು ಮೇಡಂ ಕೂದಲಿಗೆ ಬಟ್ಟೆ ಕಟ್ಟಿ, ನಿಯಮ ಹೇಳಿದರು. ಮೂಗಿನ ಹೊಳ್ಳೆ ಮುಚ್ಚಬಾರದು. ಪಟ್ಟಿಯ ಅಡಿಯಲ್ಲಿ ಇರುವವರಿಗೆ ಕಣ್ಣಿಲ್ಲ, ಬಾಯಿಲ್ಲ. ಆದ್ದರಿಂದ ಹಚ್ಚುವವರು ಮಾತು ನಿಲ್ಲಿಸಬಾರದು. ಅಡಿಯಲ್ಲಿ ಇರುವವರು ಬೆರಳಲ್ಲಿ ಉತ್ತರ ಕೊಡಬೇಕು. "ಒಂದು ಬೆರಳು ಅಂದ್ರೆ ಹೌದು, ಎರಡು ಅಂದ್ರೆ ಇಲ್ಲ. ಪೂರ್ತಿ ಕೈ ಎತ್ತಿದ್ರೆ ತಕ್ಷಣ ತೆಗೀಬೇಕು. ತಿಳೀತಾ?"

ಮಾತು ನಿಲ್ಲಿಸಬಾರದು ಅಂತ ಶಾಲೆಯಲ್ಲಿ ಪಟಪಟಿಗೆ ಹೇಳಿದವರು ಇವರೊಬ್ಬರೇ ಇರಬೇಕು.

"ಮೇಡಂ, ಈಗ ವ್ಯಾಸಲೀನ್. ಹುಬ್ಬಿಗೆ ಜಾಸ್ತಿ ಹಚ್ತೀನಿ, ಇಲ್ದಿದ್ರೆ ಹುಬ್ಬೇ ಕಿತ್ಕೊಂಡು ಬರುತ್ತಂತೆ. ನಿಮಗೆ ಮೊದಲೇ ಕಡಿಮೆ ಇದೆ. ಇಲ್ಲಿ ಗದ್ದದ ಕೆಳಗೆ ಒಂದು ಮಚ್ಚೆ ಇದೆ, ಗೊತ್ತಾ ನಿಮಗೆ?"

ಮೇಡಂ ಒಂದು ಬೆರಳು ಎತ್ತಿದರು. ಯಾರೋ ಕಿಸಕ್ಕೆಂದರು.

"ಈಗ ಹಣೆ. ಬೆಚ್ಚಗಿದೆಯಾ?"

ಒಂದು ಬೆರಳು.

ಹಸಿ ಪಟ್ಟಿ ಹಣೆಯ ಮೇಲೆ ಕೂತಿತು, ಅದರ ಮೇಲೆ ಪುಟ್ಟ ಬೆರಳುಗಳು ಓಡಾಡಿ ಸುಕ್ಕು ಸವರಿದವು. ಸುಣ್ಣದಂಥ ವಾಸನೆ. ಗದ್ದ, ಬಾಯಿ, ಕಣ್ಣುಗಳು ಒಂದೊಂದಾಗಿ ಮುಚ್ಚಿಕೊಂಡವು. ಎದೆ ಒಮ್ಮೆ ಧಸಕ್ಕೆಂದಿತು ನಿಜ, ಆದರೆ ಆ ಬೆರಳುಗಳು ಮೂಗಿನ ಹತ್ತಿರ ಬಂದಾಗಲೆಲ್ಲ ಎಷ್ಟು ಜೋಪಾನವಾಗಿ ಸುತ್ತು ಹಾಕುತ್ತಿದ್ದವೆಂದರೆ, ಹೆದರಿಕೆ ತಾನಾಗಿ ಇಳಿಯಿತು. ಅಮ್ಮ ಹೋದ ಮೇಲೆ ತಮ್ಮ ಮುಖವನ್ನು ಯಾರೂ ಹೀಗೆ ಮುಟ್ಟಿರಲಿಲ್ಲ ಎಂದು ಮೇಡಂಗೆ ನೆನಪಾಯಿತು. ಹಾಯೆನಿಸಿತು. ನಿದ್ದೆ ಬಂದರೂ ಬರಬಹುದು ಅನಿಸಿತು.

ಮೇಡಂ ಬದುಕಿರುವುದು ಖಾತ್ರಿಯಾದ ಮೇಲೆ ಉಳಿದವರಿಗೂ ಧೈರ್ಯ ಬಂತು. ಜೋಡಿ ಜೋಡಿಯಾಗಿ ಚಾಪೆಗಳ ಮೇಲೆ ಮಲಗಿದರು. ಮುಖವಾಡದವರು ಆ ಕಡೆ ಓಡಾಡತೊಡಗಿದರು, ಕೋಣೆ ಗಲಗಲ ಅನ್ನತೊಡಗಿತು. ಮೇಜಿನ ಹತ್ತಿರ ಇವರಿಬ್ಬರೇ ಉಳಿದರು.

ಪಟಪಟಿಯ ಧ್ವನಿ ಇಳಿಯಿತು. "ಮೇಡಂ, ಒಂದು ಕೇಳ್ಲಾ?"

ಒಂದು ಬೆರಳು.

"ನನ್ನನ್ನ ಇದೇ ಕ್ಲಾಸಲ್ಲಿ ಉಳಿಸ್ತೀರಂತೆ. ಹೌದಾ?"

ಬಾಯಿ ಇದ್ದಿದ್ದರೆ ಮೇಡಂ ಹತ್ತು ಮಾತು ಆಡುತ್ತಿದ್ದರು. ಅದನ್ನೆಲ್ಲ ಸಭೆ ತೀರ್ಮಾನಿಸುತ್ತೆ, ನೀನು ಓದಿನ ಕಡೆ ಗಮನ ಕೊಡು, ಹೀಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಮಾತುಗಳು ಅವರ ಹತ್ತಿರ ಬೇಕಾದಷ್ಟಿದ್ದವು. ಬೆರಳಿಗೆ ಆ ಜಾಣತನ ಇಲ್ಲ. ಹೌದು ಅನ್ನಬೇಕು, ಇಲ್ಲವೇ ಸುಳ್ಳು ಹೇಳಬೇಕು. ಮೇಡಂ ಸುಳ್ಳು ಹೇಳುವವರಲ್ಲ.

ಒಂದು ಬೆರಳು ಎತ್ತಿದರು.

ಮುಖದ ಮೇಲಿನ ಕೈ ನಿಂತಿತು. ಬೋಗುಣಿಯಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಹುಡುಗಿ ಹೊರಟುಹೋದಳೇ? ಹೋದರೂ ತಪ್ಪಿರಲಿಲ್ಲ. ಆಮೇಲೆ ಮತ್ತೊಂದು ಪಟ್ಟಿ ಬಂದು ಮೊದಲಿನಷ್ಟೇ ಮೆತ್ತಗೆ ಎಡಗೆನ್ನೆಯ ಮೇಲೆ ಕೂತಿತು.

"ಈಗ ಕೆನ್ನೆ," ಎಂದಳು ಪಟಪಟಿ. ನಿಯಮದಂತೆ ಮಾತಾಡುತ್ತಲೇ ಇದ್ದಳು. "ನಾನು ಅಳಲಿಲ್ಲ ಮೇಡಂ. ತಂಗಿ ಅತ್ತಳು. ಕ್ಲಾಸಲ್ಲಿ ನಿನ್ನನ್ನ ಅಕ್ಕ ಅನ್ನಲಾ, ಹೆಸರು ಹಿಡಿದು ಕರೀಲಾ ಅಂತ ಕೇಳಿದ್ಲು. ಅಕ್ಕ ಅಂದ್ರೆ ಎಲ್ಲರೂ ನಗ್ತಾರಂತೆ. ಹೆಸರು ಹಿಡಿದ್ರೆ ಅಮ್ಮ ಬೈತಾರಂತೆ. ನಾನು ಏನೂ ಹೇಳ್ಲಿಲ್ಲ. ಈಗ ಬಲಗೆನ್ನೆ."

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮೇಡಂಗೆ ಅದೂ ತಿಳಿದಿರಲಿಲ್ಲ. ಮುಖವಿಡೀ ಕಾಯತೊಡಗಿತು.

"ಇನ್ನೊಂದು ಕೇಳ್ತೀನಿ, ಅಷ್ಟೇ. ಲೆಕ್ಕ ಒಂದೇ ನಂಗೆ ಬರಲ್ಲ. ಇದೇ ಕ್ಲಾಸಲ್ಲಿ, ಇದೇ ಮೇಷ್ಟ್ರ ಹತ್ರ, ಇದೇ ಪುಸ್ತಕ ಇಟ್ಕೊಂಡು ಇನ್ನೊಂದು ವರ್ಷ ಕೂತ್ರೆ ಬರುತ್ತಾ ಮೇಡಂ?"

ಒಂದು ಬೆರಳು ಎತ್ತಲು ಹೋದರು. ಅದು ಏಳಲಿಲ್ಲ. ತಾವು ಹಾಗೆ ಉಳಿಸಿಕೊಂಡ ಮಕ್ಕಳ ಮುಖಗಳು ಮುಚ್ಚಿದ ಕಣ್ಣ ಮುಂದೆ ಬಂದವು. ಒಬ್ಬ ಚೆನ್ನಾಗಿ ಕಲಿತು ಮುಂದೆ ಹೋದ. ಒಬ್ಬಳು ಹಿಂದಿನ ಬೆಂಚು ಹಿಡಿದು, ಮಾತು ಬಿಟ್ಟು, ಒಂದು ದಿನ ಬರುವುದನ್ನೇ ನಿಲ್ಲಿಸಿದಳು. ಉಳಿದವರು ಏನಾದರೋ, ವಿಚಾರಿಸಿದವರು ಯಾರು? ಎರಡು ಬೆರಳು ಎತ್ತೋಣವೆಂದರೆ ಅದೂ ನಿಜವಲ್ಲ. ಹೌದೂ ಅಲ್ಲದ, ಇಲ್ಲವೂ ಅಲ್ಲದ ಉತ್ತರಕ್ಕೆ ಆ ಮುಖವಾಡದ ಪುಣ್ಯಾತ್ಮ ಯಾವ ಬೆರಳನ್ನೂ ಇಟ್ಟಿರಲಿಲ್ಲ.

ಮೇಡಂ ಪೂರ್ತಿ ಕೈ ಎತ್ತಿದರು.

"ಮಾಮಾ! ಬನ್ನಿ ಬೇಗ!" ಎಂದು ಚೀರಿದಳು ಪಟಪಟಿ. ಮುಖವಾಡದವರು ಓಡಿ ಬಂದರು. ನಾಲ್ಕು ಕೈ ಸೇರಿ ಇನ್ನೂ ಪೂರ್ತಿ ಗಟ್ಟಿಯಾಗದ ಅಚ್ಚನ್ನು ಎತ್ತಿದವು. ಅದು ನಡುವೆ ಮುರಿದು, ಮೂಗು ಕುಸಿದು, ಅರ್ಧ ತಿಂದು ಬಿಟ್ಟ ಬ್ರೆಡ್ಡಿನ ತುಂಡಿನಂತೆ ಟವೆಲಿನ ಮೇಲೆ ಬಿತ್ತು.

"ಉಸಿರು ಕಟ್ತಾ ಮೇಡಂ?"

"ಇಲ್ಲ." ಮೇಡಂ ಎದ್ದು ಕೂತರು. ಮೂಗಿನ ತುದಿಯಿಂದ ಬಿಳಿ ನೀರು ಇಳಿಯುತ್ತಿತ್ತು. ಎದ್ದು ಕೂರಬಲ್ಲ ಮಕ್ಕಳೆಲ್ಲ ಎದ್ದು ಕೂತು ಇತ್ತಲೇ ನೋಡುತ್ತಿದ್ದರು. ಮೇಡಂ ನೋಡಿದ್ದು ಪಟಪಟಿಯೊಬ್ಬಳನ್ನೇ. "ಗೊತ್ತಿಲ್ಲಮ್ಮ. ನೀನು ಕೇಳಿದ್ಯಲ್ಲ, ಇನ್ನೊಂದು ವರ್ಷ ಕೂತ್ರೆ ಲೆಕ್ಕ ಬರುತ್ತಾ ಅಂತ. ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಹುಡುಗಿ ಕೂಡಲೇ ಕೇಳಿದಳು. ಅವಳ ಮಾತಿನಲ್ಲಿ ಎದುರುತ್ತರದ ಸೊಕ್ಕಿರಲಿಲ್ಲ, ನಿಜಕ್ಕೂ ತಿಳಿಯಬೇಕಿತ್ತು ಅಷ್ಟೇ.

"ಗೊತ್ತಿಲ್ದೇ ಇದ್ರೆ, ಉಳಿಸ್ತೀರಾ ಅಂದಾಗ ಒಂದು ಬೆರಳು ಯಾಕೆ ಎತ್ತಿದ್ರಿ?"

ಬಾಯಿ ಈಗ ಮೇಡಂ ವಶದಲ್ಲೇ ಇತ್ತು. ನಿಯಮ ಇತ್ತು, ಅಂಕಗಳಿದ್ದವು, ಗಣಿತದ ಮೇಷ್ಟ್ರಿದ್ದರು. ಅವುಗಳ ಹೆಸರು ಹೇಳಿ ಜಾರಿಕೊಳ್ಳುವುದು ಸುಲಭವಿತ್ತು. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಆ ಹುಡುಗಿಯ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆಯೂ ಉಕ್ಕಿತು.

"ಎತ್ತಬಾರದಿತ್ತು," ಎಂದರು. "ಇಳಿಸಿದೀನಿ. ನಾಳೆ ಸಭೆಯಲ್ಲಿ ಬೇಡ ಅಂತ ಹೇಳ್ತೀನಿ. ಮೇಷ್ಟ್ರು ಜಗಳಕ್ಕೆ ಬರ್ತಾರೆ, ಬರ್ಲಿ. ರಜೆಯಲ್ಲಿ ನನ್ನ ಹತ್ರ ಕೂತು ಲೆಕ್ಕ ಮಾಡು, ನೋಡೋಣ, ಇಬ್ಬರಲ್ಲಿ ಯಾರು ಮೊದಲು ಸುಸ್ತಾಗ್ತೀವೋ."

"ಅಂದ್ರೆ ನಾನು ಏಳನೇ ಕ್ಲಾಸಾ?"

ಮೇಡಂ ಒಂದು ಬೆರಳು ಎತ್ತಿದರು.

ಪಟಪಟಿ ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಬಾಗಿಲಾಚೆ ಓಡಿದಳು. ಕೇಳಿ ಹೋಗಬೇಕು, ಮೊಗಸಾಲೆಯಲ್ಲಿ ಓಡಬಾರದು, ಪಾಠ ನಡೆಯುವ ಕೋಣೆಗೆ ನುಗ್ಗಬಾರದು, ಇವೆಲ್ಲ ಮೇಡಂ ತಾವೇ ಮಾಡಿದ ನಿಯಮಗಳು. ಅವರು ಕೂಗಿ ಕರೆಯಲಿಲ್ಲ. ಐದನೇ ತರಗತಿಯ ಬಾಗಿಲು ಧಡಾರನೆ ತೆರೆದುಕೊಂಡಿತು, ಆಮೇಲೆ ಇಡೀ ಶಾಲೆಗೆ ಕೇಳಿಸುವಂತೆ ಒಂದು ಕೂಗು ಬಂತು:

"ಏಯ್, ಅಕ್ಕ ಅನ್ನು!"